ಸಣ್ಣ ಕ್ಯಾಮೆರಾ, ದೊಡ್ಡ ಸೆನ್ಸರ್, ಒಂದೇ ಕಾರ್ಡು

ಗೆಳೆಯನೊಬ್ಬನ ಸೋನಿ ಎ7ಸಿ ಒಂದು ವಾರದ ಮಟ್ಟಿಗೆ ಕೈಗೆ ಸಿಕ್ಕಿತ್ತು. 2020ರಲ್ಲಿ ಬಂದ ಮಾಡೆಲ್ಲು. ಕಂಪ್ಲಿಯಲ್ಲಿ ಮದುವೆ ಫೋಟೋ ತೆಗೆದೇ ಮನೆ ನಡೆಸುವ ನಮ್ಮ ದೊಡ್ಡಪ್ಪನ ಮಗ, "ನೋಡಿ ಹೇಳೋ, ಚಲೋ ಇದ್ರ ಹಳೇದು ಮಾರಿ ಇದನ್ನ ತಗೋತೀನಿ" ಅಂದಿದ್ದ. ಹೊತ್ತು ಹೊತ್ತು ಅವನ ಬಲಭುಜ ಹೋಗಿದೆ, ಡಾಕ್ಟರು ಭಾರ ಎತ್ತಬೇಡ ಅಂದಿದ್ದಾರೆ. ಹಾಗಾಗಿ ಇದು ಬರೀ ಶೋಕಿಯ ಮಾತಲ್ಲ.

ಮೊದಲು ತೂಕ. ಬ್ಯಾಟರಿ, ಕಾರ್ಡು ಸೇರಿ 509 ಗ್ರಾಂ, ಜೊತೆಗೆ ಬರುವ 28-60 ಲೆನ್ಸು 167 ಗ್ರಾಂ. ಅಣ್ಣನ ಕೆನಾನ್ 5ಡಿ ಮಾರ್ಕ್ 3 ಮತ್ತು 24-70 ಸೇರಿದರೆ ಹತ್ತಿರತ್ತಿರ ಒಂದೂಮುಕ್ಕಾಲು ಕೆಜಿ! ಸೆನ್ಸರ್ ಮಾತ್ರ ಎರಡರಲ್ಲೂ ಅದೇ ಫುಲ್ ಫ್ರೇಮ್, 36x24 ಮಿಲಿಮೀಟರ್.

ಹೊಸಪೇಟೆಯಿಂದ ಬೆಳಿಗ್ಗೆ ಬೈಕಿನಲ್ಲಿ ಹಂಪಿಗೆ ಹೋದೆ. ಅಲ್ಲಿ ಕ್ಯಾಮೆರಾ ಹಿಡಿದಾಗೆಲ್ಲ ನನಗೆ ಗ್ರೀನ್‌ಲಾ ನೆನಪಾಗುತ್ತಾನೆ. 1856ರಲ್ಲಿ ಈ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಒಂದೊಂದು ನೆಗೆಟಿವ್ವೂ ಸುಮಾರು 16x18 ಇಂಚು! ಕಲ್ಲಿನ ರಥದ ಮೇಲೆ ಆಗಿದ್ದ ಇಟ್ಟಿಗೆಯ ಶಿಖರ (ಈಗಿಲ್ಲ) ಹೇಗಿತ್ತು ಅಂತ ಅವನ ಫೋಟೋದಲ್ಲಿ ಕಾಣುತ್ತೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ನನ್ನ ಜೇಬಿನ ಚೀಲದಲ್ಲಿದ್ದದ್ದು ಬೆಂಕಿಪೆಟ್ಟಿಗೆಗಿಂತ ಚಿಕ್ಕ ಸೆನ್ಸರ್ :-)

ನಿಜವಾದ ಪರೀಕ್ಷೆ ವಿರೂಪಾಕ್ಷ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ. ಅಲ್ಲಿ ಸಣ್ಣ ಕಿಂಡಿಯಿಂದ ಬೆಳಕು ಬಂದು ದೊಡ್ಡ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತೆ, ನೋಡಿರ್ತೀರಿ. ಇಡೀ ಕೋಣೆಯೇ ಒಂದು ಕ್ಯಾಮೆರಾ! ಹಂಪಿಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಕೈಯೇ ಗತಿ. ಸೆನ್ಸರನ್ನೇ ಅಲುಗಾಡಿಸಿ ಕೈ ನಡುಕ ಸರಿಪಡಿಸುವ ವ್ಯವಸ್ಥೆ ಇದರ ಬಾಡಿಯಲ್ಲೇ ಇದೆ. ಉಸಿರು ಬಿಗಿಹಿಡಿದು ಒಂದು ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಕ್ಲಿಕ್ಕಿಸಿದೆ. ನಾಲ್ಕರಲ್ಲಿ ಮೂರು ಸ್ಪಷ್ಟವಾಗಿ ಬಂದವು. ಐಎಸ್‌ಓ 3200, ಸ್ವಲ್ಪ ಕಾಳುಕಾಳು, ಆದರೆ ಗೋಪುರದ ಅಂತಸ್ತು ಎಣಿಸಬಹುದು.

ಇಷ್ಟವಾಗದ್ದೂ ಇದೆ. ವ್ಯೂಫೈಂಡರ್ ಚಿಕ್ಕದು, ಕನ್ನಡಕ ಹಾಕಿಕೊಂಡು ಇಣುಕಿದರೆ ಕೀಲಿಕಂಡಿಯಲ್ಲಿ ನೋಡಿದ ಹಾಗೆ. ಮುಂದುಗಡೆ ಡಯಲ್ಲೇ ಇಲ್ಲ. (2023ರ ಎ7ಸಿ 2ರಲ್ಲಿ ಎರಡನ್ನೂ ಸರಿಮಾಡಿದ್ದಾರೆ.)

ಮಾರನೇ ದಿನ ಸಂಡೂರು. ಅದಿರಿನ ಕೆಂಪು ಧೂಳಿನಲ್ಲಿ ಲೆನ್ಸ್ ಬಿಚ್ಚುವ ಧೈರ್ಯ ಬರಲಿಲ್ಲ. ಬೆಟ್ಟಕ್ಕೆ 28 ಸಾಕು, ಕೊಂಬೆ ಮೇಲಿನ ಹಕ್ಕಿಗೆ 60 ಎಲ್ಲಿ ಸಾಕು?

ಸಂಜೆ ಕಂಪ್ಲಿಗೆ ಹೋಗಿ ಅಣ್ಣನ ಕೈಗೆ ಕೊಟ್ಟೆ. ಭುಜಕ್ಕೆ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿದ, ಮುಖ ಅರಳಿತ್ತು. ಆಮೇಲೆ ಪಕ್ಕದ ಮುಚ್ಚಳ ತೆಗೆದು ನೋಡಿ, "ಒಂದ ಕಾರ್ಡ್ ಐತಲ್ಲೋ ಇದಕ್ಕ!" ಅಂದ.

ಎರಡು ವರ್ಷದ ಹಿಂದೆ ಧಾರೆ ಹೊತ್ತಿಗೆ ಸರಿಯಾಗಿ ಅವನದೊಂದು ಕಾರ್ಡು ಕೆಟ್ಟಿತ್ತು. ಇನ್ನೊಂದು ಸ್ಲಾಟಿನಲ್ಲಿ ನಕಲು ಇತ್ತು ಅಂತ ಬಚಾವು. ತಾಳಿ ಮತ್ತೊಮ್ಮೆ ಕಟ್ಟಿ ಅನ್ನೋಕಾಗುತ್ತಾ? ಎ7ಸಿ 2ರಲ್ಲೂ ಒಂದೇ ಸ್ಲಾಟು. ನನ್ನಂಥ ಸುತ್ತಾಡುವವನಿಗೆ ಧಾರಾಳವಾಗಿ ಸಾಕು, ಅವನಿಗೆ ಬೇಡ ಅಂತಲೇ ಹೇಳಿದೆ. ಅವನು ಏನೂ ಮಾತಾಡದೆ ಭುಜ ನೀವಿಕೊಂಡ.

ಈಗ 2018ರ ಎ7 3 ಹುಡುಕುತ್ತಿದ್ದೇವೆ. 650 ಗ್ರಾಂ, ಎರಡು ಸ್ಲಾಟು. ಹೊಸಪೇಟೆ ಕಡೆ ಯಾರಾದರೂ ಮಾರುವವರಿದ್ದರೆ ತಿಳಿಸಿ, ಕಾರ್ತೀಕದ ಮದುವೆಗಳು ಶುರುವಾಗೋದರೊಳಗೆ ಬೇಕು.