ಕ್ವಾಯ್ ಸೇತುವೆ ಹುಡುಕಿ ಹೊರಟ ಜೋಡಿ!

‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಕಥೆ ನಡೆಯೋದು ಥೈಲ್ಯಾಂಡಿನಲ್ಲಿ. ಆದರೆ ಡೇವಿಡ್ ಲೀನ್ ಸೇತುವೆ ಕಟ್ಟಿಸಿ ಉಡಾಯಿಸಿದ್ದು ಶ್ರೀಲಂಕಾದ ಕಿತುಲ್‌ಗಲದಲ್ಲಿ, ಕೆಲನಿ ನದಿಯ ಮೇಲೆ! 1957ರ ಈ ಚಿತ್ರಕ್ಕೆ ಬಂದ ಆಸ್ಕರ್‌ಗಳು 7. ಆ ಜಾಗ ನೋಡಲೇಬೇಕೆಂದು ನಾನೂ ನನ್ನಾಕೆಯೂ ಬೆನ್ನಿಗೊಂದೊಂದು ಚೀಲ ಏರಿಸಿ ಕೊಲಂಬೊದಲ್ಲಿ ಹ್ಯಾಟನ್ ಬಸ್ ಹತ್ತಿದೆವು.

ಕಿತುಲ್‌ಗಲದಲ್ಲಿ ಜಡಿಮಳೆ. ಅವಳಿಳಿದಳು, ನಾನಿಳಿದೆ, ಒಂದು ಚೀಲ ಇಳಿಯಿತು. ಎರಡನೆಯದಕ್ಕೆ ಕೈ ಚಾಚುವಷ್ಟರಲ್ಲಿ ಬಸ್ ಹೊರಟೇಹೋಯ್ತು. ಇಬ್ಬರ ಪಾಸ್‌ಪೋರ್ಟೂ ಅದರಲ್ಲೇ! “ಇನ್ನು ಊರಿಗೆ ಹೋದ ಹಾಗೇ ಕಣ್ರೀ” ಅಂದಳು, ಕಣ್ಣಲ್ಲಿ ನೀರು. ನನ್ನ ಕೈಕಾಲೂ ತಣ್ಣಗಾದವು. ಭಾಷೆ ಬರದು, ಕೈಸನ್ನೆಯೇ ಗತಿ. ಆಟೋ ಹುಡುಗನೊಬ್ಬ ಅರ್ಥ ಮಾಡಿಕೊಂಡು ಗಾಡಿ ಬಿಟ್ಟ ನೋಡಿ... ಗಿನಿಗತೇನ ದಾರಿಯಲ್ಲಿ ಥೇಟ್ ಕ್ಲೈಮ್ಯಾಕ್ಸ್ ಛೇಸಿಂಗು! ಏರಿನಲ್ಲಿ ಬಸ್ ಸಿಕ್ಕಿತು. ಚೀಲ ಸೀಟಿನಡಿ ಭದ್ರವಾಗಿತ್ತು. ಹುಡುಗ ಬಾಡಿಗೆಗಿಂತ ಒಂದು ಕಾಸೂ ಹೆಚ್ಚು ಮುಟ್ಟಲಿಲ್ಲ.

ಮಳೆ ನಿಂತ ಮೇಲೆ ನದಿಗಿಳಿದೆವು. ಸೇತುವೆ ಎಲ್ಲಿ? ಕಾಡು, ಬಂಡೆ, ಜಿಗಣೆ... ನೀರಂಚಿನಲ್ಲಿ ಹಳೇ ಕಾಂಕ್ರೀಟ್ ಬುಡ ಅಷ್ಟೇ. “ಇಷ್ಟಕ್ಕೇನಾ?” ಅಂದಳು. ಸೇತುವೆ ಸಿಡಿದು ರೈಲು ಉರುಳಿದ ದೃಶ್ಯ ಬಣ್ಣಿಸಿದೆ. ಕೇಳುತ್ತ ಕೇಳುತ್ತ ಕ್ಯಾಮರಾ ಕಸಿದುಕೊಂಡವಳು ಅವಳೇ!

ನೀವೂ ಹೋಗೋದಾದರೆ ಚಿತ್ರ ನೋಡಿಕೊಂಡೇ ಹೋಗಿ. ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ!