ಅಕಾರಾದಿಗೂ ಮುನ್ನ: ಪದಸೂಚಿ ಮತ್ತು ಪರಿಸರ ಚರಗಳು

ಪಾಣಿನಿಯ ಅಷ್ಟಾಧ್ಯಾಯಿಯನ್ನು ಬಲ್ಲವರಿಗೆ ಅನುವೃತ್ತಿಯ ಪರಿಚಯವಿರುತ್ತದೆ. ಮೇಲಿನ ಸೂತ್ರದ ಪದ ಕೆಳಗಿನ ಸೂತ್ರಕ್ಕೆ ಹರಿದುಬರುತ್ತದೆ. ಕೆಳಗಿನದನ್ನು ಮಾತ್ರ ಬಿಡಿಸಿ ಓದಿದರೆ ಅರ್ಥ ಕೈಗೆ ಹತ್ತುವುದಿಲ್ಲ. ಗಣಕಯಂತ್ರದ ನೆರವಿನಿಂದ ಪದಸೂಚಿ ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿದ ಮೇಲೆ ಇಂಥದೇ ಇನ್ನೊಂದು ಹರಿವನ್ನು ನಾನು ಗಮನಿಸಿದೆ. ತೆರೆಯ ಮೇಲಿನ ಆಜ್ಞೆಯಲ್ಲಿ ಕಾಣದಿದ್ದರೂ ಅದರ ಫಲಿತಾಂಶವನ್ನು ನಿರ್ಧರಿಸುವ ಈ ಹರಿವು ಸಾಹಿತ್ಯ ಸಂಶೋಧಕರ ಗಮನಕ್ಕೂ ಅರ್ಹವಾದುದು.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ನಾವು ಟೈಪು ಮಾಡಿದ ಆಜ್ಞೆಗಳನ್ನು ನಡೆಸಿಕೊಡುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಶೆಲ್ ತಾನಾಗಿ ಹುಟ್ಟುವುದಿಲ್ಲ; ಮತ್ತೊಂದು ಪ್ರೋಗ್ರಾಮು ಅದನ್ನು ಹುಟ್ಟಿಸುತ್ತದೆ. ಹಾಗೆ ಹುಟ್ಟಿಸುವಾಗ ಹೆಸರು ಮತ್ತು ಬೆಲೆಗಳ ಪಟ್ಟಿಯೊಂದನ್ನು ಅದರ ಕೈಗೆ ಕೊಡುತ್ತದೆ. ಈ ಹೆಸರುಗಳೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು. ಕನ್ನಡದಲ್ಲಿ ‘ಪರಿಸರ ಚರ’ಗಳೆನ್ನಬಹುದು. 1979ರ ಯುನಿಕ್ಸ್ ಏಳನೆಯ ಆವೃತ್ತಿಯಿಂದ ಈ ಪದ್ಧತಿ ನಡೆದುಬಂದಿದೆ. ತಾಯಿ ತನ್ನ ಪಟ್ಟಿಯ ಪ್ರತಿಯನ್ನಷ್ಟೇ ಮಗುವಿಗೆ ಕೊಡುತ್ತದೆ. ಮಗು ಅದನ್ನು ತಿದ್ದಿಕೊಂಡರೆ ತಾಯಿಗೆ ತಿಳಿಯದು. ತಾಯಿ ಆಮೇಲೆ ತಿದ್ದಿದರೆ ಆಗಲೇ ಹುಟ್ಟಿದ ಮಗುವಿಗೆ ತಲುಪದು. ಅನುವೃತ್ತಿಯಂತೆಯೇ ಇಲ್ಲಿಯೂ ಹರಿವು ಕೆಳಮುಖವಾದುದು.

ಪದಗಳನ್ನು ಅನುಕ್ರಮದಲ್ಲಿ ಜೋಡಿಸುವ ‘ಸಾರ್ಟ್’ ಆಜ್ಞೆ ಯಾವ ಭಾಷೆಯ ನಿಯಮವನ್ನು ಅನುಸರಿಸಬೇಕೆಂಬುದನ್ನು ತನ್ನ ಆರಂಭದಲ್ಲಿಯೇ ಈ ಪಟ್ಟಿಯಿಂದ ತಿಳಿಯುತ್ತದೆ. ‘ಎಲ್‌ಸಿ_ಆಲ್’ ಎಂಬ ಚರವಿದ್ದರೆ ಅದರ ಮಾತೇ ನಡೆಯುತ್ತದೆ. ಅದಿಲ್ಲದಿದ್ದರೆ ‘ಎಲ್‌ಸಿ_ಕೊಲೇಟ್’, ಅದೂ ಇಲ್ಲದಿದ್ದರೆ ‘ಲ್ಯಾಂಗ್’. ಯಾವುದೂ ಇಲ್ಲದಾಗ ಸಾಮಾನ್ಯವಾಗಿ ‘ಸಿ’ ಎಂಬ ಮೂಲ ನಿಯಮ ಜಾರಿಗೆ ಬರುತ್ತದೆ. ಅದಕ್ಕೆ ಭಾಷೆ ಗೊತ್ತಿಲ್ಲ, ಸಂಕೇತಸಂಖ್ಯೆಗಳು ಮಾತ್ರ ಗೊತ್ತು.

ಕನ್ನಡಕ್ಕೆ ಇದರಿಂದಾಗುವ ಪರಿಣಾಮವನ್ನು ಳಕಾರದಲ್ಲಿ ಸ್ಪಷ್ಟವಾಗಿ ಕಾಣಬಹುದು. ನಮ್ಮ ವರ್ಣಮಾಲೆಯಲ್ಲಿ ಳಕಾರದ ಸ್ಥಾನ ಹಕಾರದ ನಂತರ. ಯೂನಿಕೋಡಿನಲ್ಲಾದರೋ ಲಕಾರದ ಸಂಖ್ಯೆ 3250, ಳಕಾರದ್ದು 3251, ವಕಾರದ್ದು 3253, ಹಕಾರದ್ದು 3257. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಕಲ್ಪಿಸಿದ 1988ರ ಇಸ್ಕಿ ಸಂಕೇತವನ್ನು ಯೂನಿಕೋಡ್ ಅನುಸರಿಸಿದ್ದರ ಫಲವಿದು. ಹೀಗಾಗಿ ಕನ್ನಡದ ಕ್ರಮದಲ್ಲಿ ‘ಬವಣೆ, ಬಸವ, ಬಹಳ, ಬಳೆ’ ಎಂದು ಬರಬೇಕಾದ ಪದಗಳು ‘ಸಿ’ ನಿಯಮದಲ್ಲಿ ‘ಬಳೆ, ಬವಣೆ, ಬಸವ, ಬಹಳ’ ಎಂದಾಗುತ್ತವೆ.

ನಮ್ಮ ಕೆಲಸದಲ್ಲಿ ಒಂದೇ ಕಡತ ಹಗಲು ಒಂದು ಕ್ರಮದಲ್ಲಿ, ರಾತ್ರಿ ಇನ್ನೊಂದು ಕ್ರಮದಲ್ಲಿ ಹೊರಬರುತ್ತಿದ್ದುದರ ಕಾರಣ ಇದೇ. ಹಗಲು ನಾವು ಲಾಗಿನ್ ಆದಾಗ ಶೆಲ್ ‘ಪ್ರೊಫೈಲ್’ ಕಡತವನ್ನು ಓದಿ ಕನ್ನಡದ ಚರಗಳನ್ನು ಪಡೆಯುತ್ತಿತ್ತು. ರಾತ್ರಿ ನಿಗದಿತ ವೇಳೆಗೆ ಕೆಲಸ ನಡೆಸುವ ‘ಕ್ರಾನ್’ ಹುಟ್ಟಿಸಿದ ಶೆಲ್ ಲಾಗಿನ್ ಶೆಲ್ ಅಲ್ಲ. ಅದು ಆ ಕಡತವನ್ನು ಓದುವುದಿಲ್ಲ. ಆಜ್ಞೆ ಅದೇ, ಪಠ್ಯವೂ ಅದೇ; ಬೇರೆಯಾದುದು ಶೆಲ್ಲಿಗಿಂತ ಮೊದಲಿದ್ದ ಪರಿಸರ.

ಇದನ್ನು ಕೇವಲ ಜೋಡಣೆಯ ವ್ಯತ್ಯಾಸವೆಂದು ಕಡೆಗಣಿಸುವಂತಿಲ್ಲ. ಎರಡು ಕೃತಿಗಳ ಪದಪಟ್ಟಿಗಳನ್ನು ಹೋಲಿಸುವ ‘ಕಾಮ್’ ಆಜ್ಞೆ, ಎರಡೂ ಪಟ್ಟಿಗಳು ಒಂದೇ ಕ್ರಮದಲ್ಲಿವೆಯೆಂದು ನಂಬಿ ನಡೆಯುತ್ತದೆ. ಒಂದು ಪಟ್ಟಿ ಹಗಲಿನದು, ಇನ್ನೊಂದು ರಾತ್ರಿಯದು ಆದರೆ, ಎರಡರಲ್ಲಿಯೂ ಇರುವ ‘ಬಳೆ’ ಒಂದರಲ್ಲಿ ಮಾತ್ರ ಇದೆಯೆಂದು ವರದಿಯಾಗಬಹುದು. ಎಚ್ಚರಿಕೆಯ ಸಾಲೊಂದು ಬಂದರೂ, ತಾನಾಗಿ ನಡೆಯುವ ರಾತ್ರಿಯ ಕೆಲಸದಲ್ಲಿ ಅದನ್ನು ಓದುವವರು ಯಾರು? ‘ಈ ಪದ ಆ ಕವಿಯಲ್ಲಿ ಇಲ್ಲ’ ಎಂಬ ಹೇಳಿಕೆಯ ಮೇಲೆ ಕಾಲನಿರ್ಣಯ, ಕರ್ತೃತ್ವ ನಿರ್ಣಯಗಳನ್ನು ನಿಲ್ಲಿಸುವ ಶಾಸ್ತ್ರ ನಮ್ಮದು. ಇರುವ ಪದವನ್ನು ಇಲ್ಲವೆನ್ನಿಸುವ ಪಟ್ಟಿ ಅಪಪಾಠಕ್ಕಿಂತ ಅಪಾಯಕಾರಿ.

ಪರಿಹಾರ ಸರಳ. ಆಜ್ಞೆಯ ಮುಂದೆಯೇ ಚರವನ್ನು ಬರೆದು ನಡೆಸಬಹುದು. ‘ಎನ್ವ್’ ಆಜ್ಞೆಯ ಮೂಲಕ ಹೊಸ ಶೆಲ್ಲನ್ನೇ ಬೇಕಾದ ಪರಿಸರದೊಂದಿಗೆ ಹುಟ್ಟಿಸಬಹುದು. ಕ್ರಾನ್ ಪಟ್ಟಿಯ ತಲೆಯಲ್ಲಿ ಚರವನ್ನು ನಮೂದಿಸಲು ಹಲವು ವ್ಯವಸ್ಥೆಗಳಲ್ಲಿ ಅವಕಾಶವಿದೆ. ಆದರೆ ಹೆಸರು ಬರೆದ ಮಾತ್ರಕ್ಕೆ ಸಾಲದು. ಆ ಯಂತ್ರದಲ್ಲಿ ಕನ್ನಡದ ನಿಯಮಕೋಷ್ಟಕ ಸ್ಥಾಪಿತವಾಗಿಲ್ಲದಿದ್ದರೆ ಸಾರ್ಟ್ ಸದ್ದಿಲ್ಲದೆ ‘ಸಿ’ ನಿಯಮಕ್ಕೆ ಮರಳುತ್ತದೆ. ಆದುದರಿಂದ ಳಕಾರವುಳ್ಳ ನಾಲ್ಕು ಪದಗಳನ್ನು ಕೊಟ್ಟು ಮೊದಲು ಪರೀಕ್ಷಿಸುವುದು ಯುಕ್ತ.

ಗ್ರಂಥಸಂಪಾದಕರು ತಾವು ಬಳಸಿದ ಓಲೆಪ್ರತಿಗಳ ವಿವರವನ್ನು ಪೀಠಿಕೆಯಲ್ಲಿ ಕೊಡುವುದು ವಿದ್ವತ್ತಿನ ಪ್ರದರ್ಶನಕ್ಕಾಗಿ ಅಲ್ಲ. ಓದುಗ ತಾನೇ ಪರಿಶೀಲಿಸಿ ನೋಡಲೆಂದು. ಯಂತ್ರದಿಂದ ಸಿದ್ಧವಾದ ಪದಸೂಚಿಯ ಪೀಠಿಕೆಯಲ್ಲಿಯೂ ಅದು ಯಾವ ಪರಿಸರದಲ್ಲಿ, ಯಾವ ಅನುಕ್ರಮದಲ್ಲಿ ಸಿದ್ಧವಾಯಿತೆಂಬ ಒಂದು ಸಾಲು ಇರಬೇಕು. ಳಕಾರವನ್ನು ಎಲ್ಲಿ ಹುಡುಕಬೇಕೆಂದು ಓದುಗನಿಗೆ ತಿಳಿಸುವ ಹೊಣೆ ಯಂತ್ರದ್ದಲ್ಲ, ನಮ್ಮದು.