ಧಾರವಾಡದ ಏರುದಾರಿ

ಧಾರವಾಡಕ್ಕೂ ಹುಬ್ಬಳ್ಳಿಗೂ ನಡುವಿನ ಅಂತರ ಸುಮಾರು 20 ಕಿಲೋಮೀಟರು. 1962ರಲ್ಲಿ ಈ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಬಂದವು. ವಿದ್ಯಾರ್ಥಿಗಳು, ನೌಕರರು, ವ್ಯಾಪಾರಸ್ಥರು ನಿತ್ಯವೂ ಸಂಚರಿಸುವ ಈ ಹಾದಿ, ವಾಹನದಲ್ಲಿ ಕುಳಿತವರಿಗೆ ಬಹುಮಟ್ಟಿಗೆ ಸಮತಟ್ಟಾದುದೆಂದೇ ತೋರುತ್ತದೆ. ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿದೆ ಎಂಬುದು ಕಾಲುಗಳಿಗೆ ಮಾತ್ರ ಚೆನ್ನಾಗಿ ತಿಳಿಯುವ ಸಂಗತಿ.

2024ರ ಡಿಸೆಂಬರ್ 29, ರವಿವಾರದಂದು ಈ ಹಾದಿಯಲ್ಲಿ ನಾವು ಮೂವರು ಓಡಿದೆವು. ಮುಂದಿನ ಜನವರಿ 19ರಂದು ಮುಂಬಯಿ ಮ್ಯಾರಥಾನ್ ನಡೆಯಲಿತ್ತು. 2004ರಲ್ಲಿ ಆರಂಭವಾದ ಆ ಓಟದ ಪೂರ್ಣ ದೂರ 42.195 ಕಿಲೋಮೀಟರು. ಅಷ್ಟು ದೂರವನ್ನು ಅಭ್ಯಾಸದಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಓಟಕ್ಕೆ ಮೂರು ವಾರ ಮೊದಲು 30 ಅಥವಾ 32 ಕಿಲೋಮೀಟರು ಓಡಿ, ಅನಂತರ ದೂರವನ್ನು ಕ್ರಮವಾಗಿ ತಗ್ಗಿಸುತ್ತ ದೇಹಕ್ಕೆ ವಿಶ್ರಾಂತಿ ನೀಡುವುದು ರೂಢಿ. ಧಾರವಾಡದ ಜುಬಿಲಿ ವೃತ್ತದಿಂದ ಉಣಕಲ್ ಕೆರೆಯವರೆಗೆ ಸುಮಾರು 16 ಕಿಲೋಮೀಟರು. ಹೋಗಿ ಬಂದರೆ ನಮ್ಮ ಲೆಕ್ಕ ಸರಿಹೋಗುತ್ತಿತ್ತು.

ನಮ್ಮಲ್ಲಿ ಹಿರಿಯರು 62 ವರ್ಷದ ನಿವೃತ್ತ ಶಿಕ್ಷಕರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಲು ನಡಿಗೆ ಆರಂಭಿಸಿದವರು ಕ್ರಮೇಣ ಓಟಕ್ಕೆ ಒಲಿದಿದ್ದರು. ಜೀವಮಾನದಲ್ಲಿ ಒಮ್ಮೆ ಪೂರ್ಣ ಮ್ಯಾರಥಾನ್ ಮುಗಿಸಬೇಕೆಂಬುದು ಅವರ ಹಂಬಲ. ಆದರೆ ಎರಡು ತಿಂಗಳಿಂದ ಬಲಮೊಣಕಾಲು ಆಗಾಗ ನೋಯುತ್ತಿತ್ತು. ಈ ದೀರ್ಘ ಓಟವನ್ನು ಮೊಣಕಾಲು ತಾಳಿಕೊಂಡರೆ ಮಾತ್ರ ಮುಂಬಯಿಗೆ ಓಡಲು ಹೋಗಬಹುದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಆದುದರಿಂದ ಆ ಮುಂಜಾನೆಯ ಓಟ ಅವರ ಪಾಲಿಗೆ ಕೇವಲ ಅಭ್ಯಾಸವಾಗಿರಲಿಲ್ಲ.

ಬೆಳಗಿನ 5 ಗಂಟೆಗೆ ಹೊರಟಾಗ ಚಳಿ ಚುರುಕಾಗಿತ್ತು. ಟೋಲ್ ನಾಕಾ, ವಿದ್ಯಾಗಿರಿಗಳನ್ನು ದಾಟುವಾಗ ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು. ನವಲೂರು ತನ್ನ ಪೇರಲ ಹಣ್ಣಿಗೆ ಹೆಸರಾದ ಊರು. ಆ ಹೊತ್ತಿನಲ್ಲಿ ಮಾರುವವರು ಇನ್ನೂ ಬಂದಿರಲಿಲ್ಲ. ಸತ್ತೂರು, ರಾಯಾಪುರಗಳು ಸರಿದುಹೋದವು. ಎರಡು ಊರುಗಳ ನಡುವೆ ಬಸ್ಸಿಗೆಂದೇ ಪ್ರತ್ಯೇಕ ಮಾರ್ಗ ನಿರ್ಮಿಸಿ, 2018ರಿಂದ ಚಿಗರಿ ಬಸ್ಸುಗಳನ್ನು ಓಡಿಸತೊಡಗಿದರು. ಅದಕ್ಕಾಗಿ ರಸ್ತೆ ಅಗಲವಾದಾಗ ಇಕ್ಕೆಲದ ಅನೇಕ ಹಳೆಯ ಮರಗಳು ಹೋದವು. ಬಿಸಿಲೇರಿದ ಮೇಲೆ ಆ ನೆರಳಿನ ಬೆಲೆ ಓಡುವವರಿಗೆ ತಿಳಿಯುತ್ತದೆ.

ನವನಗರ, ಭೈರಿದೇವರಕೊಪ್ಪ ದಾಟಿ ಉಣಕಲ್ ಕೆರೆಯನ್ನು ತಲುಪಿದಾಗ ಮೂಡಣ ದಿಕ್ಕು ಕೆಂಪೇರಿ, ನೀರೂ ಅದೇ ಬಣ್ಣ ತಳೆದಿತ್ತು. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯಕ್ಕೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಕಲ್ಲಿನ ಕೆತ್ತನೆಯನ್ನು ಮೆಚ್ಚುವವರು ಅದನ್ನು ನೋಡಲೆಂದೇ ಬರುತ್ತಾರೆ. ನಮಗೆ ಅಂದು ಅಲ್ಲಿಗೆ ಹೋಗುವ ಬಿಡುವಿರಲಿಲ್ಲ. ಕೆರೆಯ ಬಳಿ ಬಾಳೆಹಣ್ಣು, ಉಪ್ಪು ಬೆರೆಸಿದ ನಿಂಬೆಯ ನೀರು ಸೇವಿಸಿ ಹಿಂದಿರುಗಿದೆವು.

ನಿಜವಾದ ಪರೀಕ್ಷೆ ಅಲ್ಲಿಂದ ಆರಂಭ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ದೀರ್ಘ ಓಟದಲ್ಲಿ ಕರಗುತ್ತ ಬರುತ್ತದೆ. ಬಹಳ ಮಂದಿಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ಕಾಲು ಭಾರವಾಗುವುದು ಇದರಿಂದಲೇ. ಧಾರವಾಡದ ಏರು ಎದುರಾಗುವುದೂ ಅಂಥ ಹೊತ್ತಿನಲ್ಲಿಯೇ. ಮುಂಬಯಿಯಲ್ಲಿಯೂ ಓಟದ ಕೊನೆಯ ಭಾಗದಲ್ಲಿ ಪೆದ್ದರ್ ರಸ್ತೆಯ ಏರು ಕಾದಿರುತ್ತದೆ. ನಾವು ಈ ಹಾದಿಯನ್ನು ಆರಿಸಿಕೊಂಡ ಕಾರಣವೂ ಇದೇ.

ರಾಯಾಪುರದ ಹತ್ತಿರ ಕಾಕಾ ನಿಧಾನವಾದರು. ದಣಿವು ಬೇರೆ, ನೋವು ಬೇರೆ. ದಣಿವು ಮೈಯೆಲ್ಲ ಹರಡಿರುತ್ತದೆ, ತುಸು ನಡೆದರೆ ಹಗುರಾಗುತ್ತದೆ. ಗಾಯದ ನೋವು ಒಂದೇ ಕಡೆ ನೆಲೆನಿಂತು ಹೆಜ್ಜೆಹೆಜ್ಜೆಗೂ ಹರಿತವಾಗುತ್ತದೆ. ಅವರು ಸ್ವಲ್ಪ ನಡೆದು ನೋಡಿದರು, ಮತ್ತೆ ಓಡಿ ನೋಡಿದರು, ಕಡೆಗೆ ನಿಂತರು. ನಾವೂ ನಿಂತೆವು.

“ನೀವು ಓಡ್ರಿ. ಉಳಿದದ್ದನ್ನ ನನ್ನ ಪರವಾಗಿ ಚಿಗರಿ ಓಡ್ತದ” ಎಂದರು.

ಮುಖದಲ್ಲಿ ನಗುವಿತ್ತು, ಕಣ್ಣಿನಲ್ಲಿರಲಿಲ್ಲ. ನಾವೂ ಜೊತೆಯಲ್ಲಿಯೇ ಬಸ್ಸು ಹತ್ತುವೆವೆಂದಾಗ ಅವರು ಒಪ್ಪಲಿಲ್ಲ. ನಿಲ್ದಾಣದೊಳಗೆ ಹೋಗಿ ಕುಳಿತು, ಹೋಗಿರೆಂದು ಕೈಸನ್ನೆ ಮಾಡಿದರು. ಐದು ತಿಂಗಳ ಶ್ರಮವನ್ನು ಹೀಗೆ ರಸ್ತೆಯ ಬದಿಯಲ್ಲಿ ಇಳಿಸಿಡುವುದು ಓಡುವುದಕ್ಕಿಂತ ಕಠಿಣವಾದ ಕೆಲಸ. ಇನ್ನು ಹತ್ತು ಕಿಲೋಮೀಟರು ಹಟ ಹಿಡಿದಿದ್ದರೆ ಮುಂಬಯಿಯಷ್ಟೇ ಅಲ್ಲ, ನಿತ್ಯದ ನಡಿಗೆಯೂ ತಪ್ಪುವ ಭಯವಿತ್ತು. ಅವರ ಆರೋಗ್ಯ ನಿಂತಿರುವುದು ಆ ನಡಿಗೆಯ ಮೇಲೆ.

ಸತ್ತೂರು, ನವಲೂರುಗಳ ಏರನ್ನು ನಾವಿಬ್ಬರು ಮಾತಿಲ್ಲದೆ ಹತ್ತಿದೆವು. ಬಿಸಿಲು ಬಲಿಯಿತು. ಹೆಜ್ಜೆ ಕಿರಿದಾಯಿತು, ಆದರೆ ನಿಲ್ಲಲಿಲ್ಲ. ಜುಬಿಲಿ ವೃತ್ತ ಸೇರಿದಾಗ ಹೊರಟು ನಾಲ್ಕು ಗಂಟೆಗಳು ಕಳೆದಿದ್ದವು. 32 ಕಿಲೋಮೀಟರು ಮುಗಿದ ಸಂತೋಷದ ಜೊತೆಯಲ್ಲಿ ಒಬ್ಬರ ಕೊರತೆಯೂ ಇತ್ತು.

ವೈದ್ಯರು ಕಾಕಾ ಅವರಿಗೆ ಆ ಸಲದ ಓಟವನ್ನು ಬಿಡಿಸಿದರು. ಆದರೂ ಅವರು ರೈಲಿನ ಟಿಕೆಟನ್ನು ರದ್ದುಗೊಳಿಸಲಿಲ್ಲ. ಜನವರಿ 19ರಂದು ಪೆದ್ದರ್ ರಸ್ತೆಯ ಏರಿನಲ್ಲಿ, ಜನಸಂದಣಿಯ ನಡುವೆ, ಬಾಳೆಹಣ್ಣು ಹಿಡಿದು ನಿಂತು ನಮ್ಮಿಬ್ಬರನ್ನೂ ಹೆಸರು ಹಿಡಿದು ಕೂಗಿದರು. ನಾವು ಓಟ ಮುಗಿಸಿದೆವು. ಮಾರ್ಚ್ ತಿಂಗಳ ಹೊತ್ತಿಗೆ ಅವರ ಮುಂಜಾನೆಯ ನಡಿಗೆಯೂ ಮತ್ತೆ ಆರಂಭವಾಯಿತು.

ಓದುಗ ಬಂಧುಗಳಲ್ಲಿ ನಡುವಯಸ್ಸು ದಾಟಿದ ಅನೇಕರಿಗೆ ಇಂದು ಓಟದಲ್ಲಿ ಆಸಕ್ತಿ ಮೂಡಿದೆ. ಅದು ಸಂತೋಷದ ವಿಷಯ. ಮೊದಲು ವೈದ್ಯರನ್ನು ಕಾಣಬೇಕು, ನಡಿಗೆಯಿಂದ ತೊಡಗಬೇಕು, ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಎಲ್ಲಿಯವರೆಗೆ ಓಡಬಲ್ಲೆವೆಂಬುದನ್ನು ಅಭ್ಯಾಸವು ಕಲಿಸುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನೂ ಅದೇ ಕಲಿಸಬೇಕು. ಎರಡನ್ನೂ ಕಲಿತವರಿಗೆ ಏರುದಾರಿಯ ಭಯವಿಲ್ಲ.